ಸೈನಿಕನ ಓಲೆ: ಬ್ರಿಟನ್ ಮತ್ತು ಅಮೆರಿಕದ ಸೇನಾಶಾಸನವೂ ಸಲಿಂಗಪ್ರೇಮವೂ

ಯುದ್ಧದ ಇತಿಹಾಸವನ್ನು ಬರೆಯುವವರು ಮದ್ದುಗುಂಡು, ದವಸ, ದಾರಿ ಇವುಗಳ ಲೆಕ್ಕವನ್ನು ತಪ್ಪದೆ ಕೊಡುತ್ತಾರೆ. ಅಂಚೆಯ ಲೆಕ್ಕವನ್ನು ಕೊಡುವವರು ವಿರಳ. ಎರಡನೆಯ ಮಹಾಯುದ್ಧವನ್ನು ನಡೆಸಿದ ಸರ್ಕಾರಗಳಿಗಾದರೋ ಅಂಚೆಯ ಬೆಲೆ ಚೆನ್ನಾಗಿ ತಿಳಿದಿತ್ತು. 1942ರ ಜೂನ್ ತಿಂಗಳಿನಲ್ಲಿ ಅಮೆರಿಕವು ‘ವಿ-ಮೇಲ್’ ಎಂಬ ಏರ್ಪಾಡನ್ನು ಆರಂಭಿಸಿತು. ಸೈನಿಕರೂ ಅವರ ಮನೆಯವರೂ ಬರೆದ ಕಾಗದಗಳ ಪಡಿಯಚ್ಚನ್ನು ಸಣ್ಣ ಫಿಲ್ಮಿನ ಮೇಲೆ ತೆಗೆದು, ಅದನ್ನು ಕಡಲಾಚೆಗೆ ಸಾಗಿಸಿ, ಅಲ್ಲಿ ಮತ್ತೆ ಕಾಗದದ ಮೇಲೆ ಮುದ್ರಿಸಿ ಹಂಚುವುದು ಅದರ ಕ್ರಮ. 37 ಚೀಲಗಳ ಅಂಚೆ ಇದರಿಂದ ಒಂದೇ ಚೀಲದಲ್ಲಿ ಅಡಗುತ್ತಿತ್ತು. ಹಡಗುಗಳಿಗೆ ಅಷ್ಟೊಂದು ಅಭಾವವಿದ್ದ ಕಾಲದಲ್ಲಿ ಇಷ್ಟು ಶ್ರಮವನ್ನು ವಹಿಸಿದುದಕ್ಕೆ ಕಾರಣವಿಷ್ಟೆ: ಮನೆಯಿಂದ ಓಲೆ ಬಂದ ಸೈನಿಕನು ನಿಲ್ಲುತ್ತಾನೆ, ಬಾರದವನು ಕುಗ್ಗುತ್ತಾನೆ ಎಂಬುದನ್ನು ಸೇನಾಧಿಪತಿಗಳು ಕಂಡುಕೊಂಡಿದ್ದರು. ಪ್ರೀತಿಪಾತ್ರರ ಸಂಬಂಧವು ಸೈನಿಕನ ಮನಃಸ್ಥೈರ್ಯದ ಒಂದು ಅಂಗವೆಂಬುದು ಆ ಸೈನ್ಯಗಳೇ ಒಪ್ಪಿದ ತತ್ತ್ವ.

ಆದರೆ ಅದೇ ಸೈನ್ಯಗಳಲ್ಲಿ ಒಂದು ವರ್ಗದ ಸೈನಿಕರಿಗೆ ಓಲೆಯು ಆಸರೆಯಾಗುವ ಬದಲು ಅಪಾಯವಾಗಿತ್ತು. ಪುರುಷನನ್ನು ಪ್ರೀತಿಸಿದ ಪುರುಷ, ಸ್ತ್ರೀಯನ್ನು ಪ್ರೀತಿಸಿದ ಸ್ತ್ರೀ, ಇಬ್ಬರಲ್ಲೂ ಅನುರಕ್ತರಾಗಬಲ್ಲವರು—ಇವರಿಗೆ ಬಂದ ಓಲೆ ಪರರ ಕೈಗೆ ಸಿಕ್ಕಿದರೆ ಅದೇ ಸಾಕ್ಷ್ಯವಾಗುತ್ತಿತ್ತು. ಇವರನ್ನು ಕುರಿತ ಸೇನಾಶಾಸನದ ಚರಿತ್ರೆಯನ್ನು ಸಾಮಾನ್ಯವಾಗಿ ಅಪರಾಧ ಮತ್ತು ಶಿಕ್ಷೆಗಳ ಚರಿತ್ರೆಯಾಗಿ ಬರೆಯುವುದುಂಟು. ಓಲೆಗಳನ್ನು ಹಿಡಿದು ನೋಡಿದರೆ ಬೇರೊಂದು ಸಂಗತಿ ಗೋಚರಿಸುತ್ತದೆ. ಕೃತ್ಯವನ್ನು ತಡೆಯುವುದಕ್ಕೆಂದು ಹುಟ್ಟಿದ ಈ ನಿಯಮಗಳು ಕಾರ್ಯತಃ ಹೆಚ್ಚಾಗಿ ಹಿಡಿದುದು ನಿಷ್ಠೆಯನ್ನು. ಒಂದು ರಾತ್ರಿಯ ಚಾಪಲ್ಯವು ಕಾಗದವನ್ನು ಉಳಿಸಿಹೋಗುವುದಿಲ್ಲ. ಐದು ವರ್ಷದ ಪ್ರೀತಿಯು ಓಲೆ, ಭಾವಚಿತ್ರ, ವಿಮೆಯ ಕಾಗದದಲ್ಲೊಂದು ಹೆಸರು ಇವುಗಳನ್ನು ಉಳಿಸಿಯೇ ತೀರುತ್ತದೆ.

ಇಂಗ್ಲೆಂಡಿನ ಷ್ರಾಪ್‌ಷೈರ್ ಪ್ರಾಂತದ ಆಸ್ವೆಸ್ಟ್ರಿ ಎಂಬ ಸಣ್ಣ ಊರಿನ ವಸ್ತುಸಂಗ್ರಹಾಲಯದಲ್ಲಿ ಇಂಥ ಓಲೆಗಳ ದೊಡ್ಡದೊಂದು ಕಟ್ಟು ಇದೆ. 2008ರಲ್ಲಿ ಗಿಲ್ಬರ್ಟ್ ಬ್ರ್ಯಾಡ್ಲಿ ಎಂಬ ವೃದ್ಧನು ತೀರಿಕೊಂಡ ಮೇಲೆ ಅವನ ಮನೆಯನ್ನು ಬರಿದು ಮಾಡುವಾಗ ಅವು ಹೊರಬಿದ್ದವು. ಆತನು 1939ರಲ್ಲಿ ಆಸ್ವೆಸ್ಟ್ರಿಯ ಬಳಿಯ ಪಾರ್ಕ್ ಹಾಲ್ ಶಿಬಿರದಲ್ಲಿ ವಿಮಾನವಿರೋಧಿ ತೋಪುಗಳ ಶಿಕ್ಷಣ ಪಡೆದ ಸೈನಿಕ. ಸ್ಥಳೀಯ ಇತಿಹಾಸದ ಸಾಮಗ್ರಿಯೆಂದು ಸಂಗ್ರಹಾಲಯದವರು ಮೊದಲು ಕೆಲವೇ ಓಲೆಗಳನ್ನು ಕೊಂಡರು. ಬರೆದವರ ಅಂಕಿತವಿದ್ದುದು ‘ಜಿ’ ಎಂಬ ಒಂದೇ ಅಕ್ಷರ. ಸಹಜವಾಗಿ ಅದು ಯಾರೋ ಪ್ರೇಯಸಿಯ ಹೆಸರಿನ ಮೊದಲಕ್ಷರವೆಂದು ಭಾವಿಸಲಾಯಿತು. ಇನ್ನಷ್ಟು ಓಲೆಗಳು ದೊರೆತ ಮೇಲೆ ಆ ‘ಜಿ’ ಎಂದರೆ ಗಾರ್ಡನ್ ಬೌಷರ್, ಸಿರಿವಂತ ಮನೆತನದ ಒಬ್ಬ ತರುಣ, ಸ್ವತಃ ಸೈನಿಕ ಎಂಬುದು ಸ್ಪಷ್ಟವಾಯಿತು. ಇಬ್ಬರೂ 1938ರಲ್ಲಿ ಪರಿಚಿತರಾದವರು. ಯುದ್ಧವು ಅವರನ್ನು ಬೇರೆ ಬೇರೆ ಊರುಗಳ ಶಿಬಿರಗಳಿಗೆ ಚದುರಿಸಿತು. ಸಂಗ್ರಹಾಲಯಕ್ಕೆ ಸೇರಿದ ಓಲೆಗಳ ಸಂಖ್ಯೆ 600ಕ್ಕೂ ಹೆಚ್ಚು.

ಅವುಗಳಲ್ಲಿ ಎರಡನ್ನು ಕುರಿತು ಇಲ್ಲಿ ಹೇಳಬೇಕು. ಒಂದರಲ್ಲಿ ಗಾರ್ಡನ್ ತನ್ನ ಓಲೆಗಳನ್ನೆಲ್ಲ ನಾಶಮಾಡಬೇಕೆಂದು, ಇದು ವಿನೋದದ ಮಾತಲ್ಲವೆಂದು ಒತ್ತಿ ಒತ್ತಿ ಕೇಳಿಕೊಳ್ಳುತ್ತಾನೆ. ಇನ್ನೊಂದರಲ್ಲಿ, ತಮ್ಮ ಓಲೆಗಳೆಲ್ಲ ಮುಂದೆ ಎಂದಾದರೂ ಹೆಚ್ಚು ಅರಿವುಳ್ಳ ಕಾಲದಲ್ಲಿ ಅಚ್ಚಾದರೆ ಎಷ್ಟು ಚೆನ್ನ, ಆಗ ತಾವೆಷ್ಟು ಪ್ರೀತಿಸಿದ್ದೆವೆಂದು ಲೋಕವೆಲ್ಲ ನೋಡಬಹುದಲ್ಲ ಎಂಬ ಆಸೆ ಇದೆ. ಎರಡೂ ಒಂದೇ ಕೈಯ ಬರೆಹ. ಅಂದಿನ ಬ್ರಿಟನ್ನಿನಲ್ಲಿ ಈ ಸಂಬಂಧವು ನಾಗರಿಕರಿಗೂ ಕಾರಾಗೃಹ ಶಿಕ್ಷೆಯನ್ನು ತರುವಂಥದು. ಸೈನಿಕನಾದರೆ ಸೇನಾನ್ಯಾಯಾಲಯವೂ ಇತ್ತು. ಸುಡಬೇಕೆಂದ ಮಾತಿಗೆ ಕಾರಣ ಹುಡುಕಬೇಕಾಗಿಲ್ಲ. ಗಿಲ್ಬರ್ಟನು ಆ ಕೋರಿಕೆಯನ್ನು ನಡೆಸಲಿಲ್ಲ ಎಂಬುದೇ ಆಶ್ಚರ್ಯ. ಅವರ ಸಂಬಂಧ ಯುದ್ಧದೊಡನೆ ಮುಗಿದುಹೋಯಿತು. ಗಾರ್ಡನ್ ಮುಂದೆ ಕ್ಯಾಲಿಫೋರ್ನಿಯಕ್ಕೆ ಹೋದನು. ಆದರೂ ಅರುವತ್ತು ವರ್ಷಗಳಿಗೂ ಮಿಕ್ಕಿ ಅಪಾಯದ ಆ ಕಟ್ಟು ಗಿಲ್ಬರ್ಟನ ಮನೆಯಲ್ಲೇ ಇದ್ದಿತು.

ಅಮೆರಿಕದಲ್ಲಿ ಈ ಶಾಸನದ ಬೇರು ಆ ದೇಶದಷ್ಟೇ ಹಳೆಯದು. 1778ರ ಮಾರ್ಚ್ ತಿಂಗಳಲ್ಲಿ, ವ್ಯಾಲಿ ಫೋರ್ಜ್ ಬೀಡಿನಲ್ಲಿ, ಲೆಫ್ಟಿನೆಂಟ್ ಎನ್‌ಸ್ಲಿನ್ ಎಂಬಾತನನ್ನು ಜಾರ್ಜ್ ವಾಷಿಂಗ್ಟನ್ನನ ಒಪ್ಪಿಗೆಯಿಂದ ತಮಟೆ ಬಾರಿಸಿ ಸೈನ್ಯದಿಂದ ಹೊರಗಟ್ಟಲಾಯಿತು. ಆದರೆ ಬಹುಕಾಲದವರೆಗೆ ಶಾಸನದ ದೃಷ್ಟಿ ಇದ್ದುದು ಕೃತ್ಯದ ಮೇಲೆ ಮಾತ್ರ. 1920ರ ಯುದ್ಧಶಾಸನದ ಪರಿಷ್ಕರಣದಲ್ಲಿ ಆ ಕೃತ್ಯವೇ ಪ್ರತ್ಯೇಕ ಅಪರಾಧವಾಯಿತು. ಅದಕ್ಕೆ ಮುಂಚೆ, 1919ರಲ್ಲಿ, ರೋಡ್ ಐಲೆಂಡಿನ ನ್ಯೂಪೋರ್ಟ್ ನೌಕಾನೆಲೆಯಲ್ಲಿ ತರುಣ ನಾವಿಕರನ್ನೇ ಬಲೆಯ ಮಿಕಗಳನ್ನಾಗಿ ಬಿಟ್ಟು ಇತರರನ್ನು ಹಿಡಿಸಿದ ಪ್ರಸಂಗ ನಡೆದು, 1921ರಲ್ಲಿ ಸೆನೆಟ್ಟಿನ ಉಪಸಮಿತಿಯೇ ಅದನ್ನು ಖಂಡಿಸಿತು. ಆಗ ನೌಕಾಖಾತೆಯ ಉಪಕಾರ್ಯದರ್ಶಿಯಾಗಿದ್ದವನು ಮುಂದೆ ಅಧ್ಯಕ್ಷನಾದ ಫ್ರಾಂಕ್ಲಿನ್ ರೂಸ್ವೆಲ್ಟ್. ಪ್ರಕೃತ ವಿಷಯಕ್ಕೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಅಲ್ಲಿ ಬೇಟೆಯಾದುದು ಕೃತ್ಯ, ಪ್ರೇಮವಲ್ಲ.

ತಿರುವು ಬಂದುದು ಎರಡನೆಯ ಮಹಾಯುದ್ಧದಲ್ಲಿ. ಒಂದೂವರೆ ಕೋಟಿಗೂ ಹೆಚ್ಚು ಜನರನ್ನು ಸೇರಿಸಿಕೊಳ್ಳಬೇಕಾದಾಗ ಮನೋವೈದ್ಯರು ಸೈನ್ಯದ ಬಾಗಿಲಿಗೆ ಬಂದರು. ಅವರ ಕೈಯಲ್ಲಿ ಪ್ರಶ್ನೆಯ ರೂಪವೇ ಬದಲಾಯಿತು. ‘ಈತನು ಏನು ಮಾಡಿದನು?’ ಎಂಬುದು ಹೋಗಿ ‘ಈತನು ಎಂಥವನು?’ ಎಂಬುದು ಬಂದಿತು. ಕೃತ್ಯವು ಒಂದು ದಿನದ್ದು. ‘ಎಂಥವನು’ ಎಂಬುದು ಜನ್ಮದ್ದು. ಈ ಪರೀಕ್ಷೆಯ ಆರಂಭಕಾಲದಲ್ಲಿ ಸರ್ಕಾರಕ್ಕೆ ಸಲಹೆಗಾರನಾಗಿದ್ದ ಮನೋವೈದ್ಯ ಹ್ಯಾರಿ ಸ್ಟಾಕ್ ಸಲಿವನ್ ಸ್ವತಃ ಒಬ್ಬ ಪುರುಷನೊಡನೆ ಬಹುವರ್ಷ ಸಂಸಾರ ನಡೆಸಿದವನು ಎಂಬುದನ್ನು ನೆನೆದರೆ, ಇತಿಹಾಸಕ್ಕೂ ವ್ಯಂಗ್ಯ ತಿಳಿಯುತ್ತದೆ ಎನ್ನಬೇಕಾಗುತ್ತದೆ.

ಸಿಕ್ಕಿಬಿದ್ದವರಿಗೆ ಸೇನಾನ್ಯಾಯಾಲಯದ ಬದಲು ಕೊಡುತ್ತಿದ್ದುದು ನೀಲಿ ಕಾಗದದ ಮೇಲೆ ಅಚ್ಚಾದ ವಿಸರ್ಜನಪತ್ರ. ಅದು ಗೌರವದ್ದೂ ಅಲ್ಲ, ಅಗೌರವದ್ದೂ ಅಲ್ಲ. ಆದರೆ ಆ ಬಣ್ಣವನ್ನು ನೋಡಿದ ಯಾವ ಯಜಮಾನನೂ ಕೆಲಸ ಕೊಡುತ್ತಿರಲಿಲ್ಲ. 1944ರಲ್ಲಿ ನಿವೃತ್ತ ಸೈನಿಕರಿಗಾಗಿ ಆದ ಕಾನೂನು ಕಾಲೇಜಿನ ವೆಚ್ಚವನ್ನೂ, ಮನೆ ಕಟ್ಟುವ ಸಾಲಕ್ಕೆ ಸರ್ಕಾರದ ಜಾಮೀನನ್ನೂ ಒದಗಿಸಿತಷ್ಟೆ. ಸಲಿಂಗಪ್ರೇಮದ ಕಾರಣದಿಂದ ನೀಲಿ ಕಾಗದ ಪಡೆದವರಿಗೆ ಅದು ಸಲ್ಲದೆಂದು 1945ರಲ್ಲಿ ಆ ಇಲಾಖೆ ಆಜ್ಞೆ ಹೊರಡಿಸಿತು. ಯುದ್ಧೋತ್ತರ ಅಮೆರಿಕದ ಮಧ್ಯಮವರ್ಗವೇ ಆ ಸಾಲ, ಆ ವಿದ್ಯಾರ್ಥಿವೇತನಗಳ ಮೇಲೆ ಎದ್ದು ನಿಂತುದೆಂಬುದನ್ನು ಗಮನಿಸಿದರೆ ನಷ್ಟದ ಗಾತ್ರ ತಿಳಿದೀತು. ಈ ಅನ್ಯಾಯದ ವಿರುದ್ಧ ಮೊದಲು ದನಿಯೆತ್ತಿದ ಪತ್ರಿಕೆ ‘ಪಿಟ್ಸ್‌ಬರ್ಗ್ ಕೊರಿಯರ್’. ಅದು ನೀಗ್ರೋ ಎಂದು ಅಂದು ಕರೆಯಿಸಿಕೊಳ್ಳುತ್ತಿದ್ದ ಕಪ್ಪು ಜನರ ಪತ್ರಿಕೆ; ನೀಲಿ ಕಾಗದವು ಆ ಜನರ ಮೇಲೂ ಮಿತಿಮೀರಿ ಪ್ರಯೋಗವಾಗುತ್ತಿದ್ದುದರಿಂದ ಅದಕ್ಕೆ ಇದರ ಬಿಸಿ ತಟ್ಟಿತ್ತು.

ಯುದ್ಧಭೂಮಿಯಲ್ಲಿ ಸೈನಿಕನ ಓಲೆಯನ್ನು ಅವನ ತುಕಡಿಯ ಅಧಿಕಾರಿಯೇ ಓದಿ, ಬೇಡವಾದುದನ್ನು ಅಳಿಸಿ ಕಳುಹಿಸುವ ಪದ್ಧತಿ ಇತ್ತು. ಹೀಗಿರಲು ಪ್ರಿಯನಿಗೆ ಬರೆಯುವವನು ಅವನಿಗೊಂದು ಹೆಣ್ಣಿನ ಹೆಸರಿಟ್ಟು ಬರೆಯುತ್ತಿದ್ದನು. ಇತಿಹಾಸಕಾರ ಅಲನ್ ಬೆರೂಬೆ ಈ ಬಗೆಯ ಸಂಗತಿಗಳನ್ನು ಹುಡುಕಿ 1990ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದನು. ಅವನ ಸಂಶೋಧನೆಗೆ ಬೀಜವಾದುದೂ, ಕಸಕ್ಕೆ ಬಿದ್ದು ಯಾರೋ ಪುಣ್ಯಾತ್ಮರು ಎತ್ತಿಟ್ಟ ಇಂಥ ಸೈನಿಕರ ಓಲೆಗಳ ಒಂದು ಕಟ್ಟೇ. ಸೈನಿಕರ ಜೀವವಿಮೆಯ ವಿಷಯವನ್ನೂ ಇಲ್ಲಿ ಹೇಳಬೇಕು. 1940ರ ಕಾನೂನಿನ ಪ್ರಕಾರ ವಿಮೆಯ ಹಣಕ್ಕೆ ಪತಿ ಅಥವಾ ಪತ್ನಿ, ಮಕ್ಕಳು, ತಾಯಿತಂದೆ, ಒಡಹುಟ್ಟಿದವರು ಇವರನ್ನಲ್ಲದೆ ಬೇರೆಯವರನ್ನು ಹೆಸರಿಸುವಂತಿರಲಿಲ್ಲ. ಈ ನಿರ್ಬಂಧ ಸಡಿಲಿದುದು 1946ರಲ್ಲಿ. ಯುದ್ಧವಿದ್ದಷ್ಟು ಕಾಲ, ಬಾಳಿನ ಜೊತೆಗಾರನಿಗೆ ಆ ಕಾಗದದಲ್ಲಿ ಸ್ಥಳವೇ ಇರಲಿಲ್ಲ.

ಸ್ತ್ರೀಯರ ದಳದಲ್ಲಿ ಆರಂಭದ ನಿಲುವು ಸೌಮ್ಯವಾದುದಾಗಿತ್ತು. 1943ರಲ್ಲಿ ಅಧಿಕಾರಿಗಳಿಗೆ ಕೊಟ್ಟ ಉಪನ್ಯಾಸಗಳಲ್ಲಿ, ಹೆಣ್ಣುಮಕ್ಕಳ ಸ್ನೇಹದ ಬೆನ್ನಟ್ಟಿ ಬೇಹು ನಡೆಸಬಾರದೆಂದೇ ಬೋಧಿಸಲಾಗಿತ್ತು. ಆದರೆ 1944ರಲ್ಲಿ ತಾಯಿಯೊಬ್ಬಳು, ತನ್ನ ಇಪ್ಪತ್ತರ ಹರೆಯದ ಮಗಳಿಗೆ ಜಾರ್ಜಿಯಾದ ಫೋರ್ಟ್ ಓಗಲ್‌ಥಾರ್ಪಿನ ಸ್ತ್ರೀದಳದ ಒಬ್ಬಾಕೆ ಬರೆದಿದ್ದ ಪ್ರೇಮಪತ್ರಗಳನ್ನು ಕಂಡು ವಾಷಿಂಗ್ಟನ್ನಿಗೆ ದೂರು ಕೊಟ್ಟಳು. ತನಿಖಾಧಿಕಾರಿಗಳು ಹೋಗಿ ಸಾಲುಸಾಲಾಗಿ ಹೇಳಿಕೆಗಳನ್ನು ಪಡೆದರು. ದೂರಿನಲ್ಲಿದ್ದಂಥ ಅನಾಚಾರದ ಕೋಟೆಯೇನೂ ಅಲ್ಲಿ ಕಾಣಸಿಗಲಿಲ್ಲ. ಕೆಲವರನ್ನು ಮನೋವೈದ್ಯರ ಬಳಿಗೆ ಕಳುಹಿಸುವುದರಲ್ಲಿ ಅದು ಮುಗಿಯಿತು. ದಂಡನೆ ಅಲ್ಪವೆನ್ನಬಹುದು. ಆದರೆ ಮಗಳು ಮನೆಗೆ ತಂದ ಓಲೆ ತಾಯಿಯ ಕೈಯಿಂದ ಸರ್ಕಾರದ ಕಡತಕ್ಕೆ ಹೋದ ದಾರಿ ಎಷ್ಟು ಚಿಕ್ಕದು ಎಂಬುದನ್ನು ಇತರ ಹೆಣ್ಣುಮಕ್ಕಳು ಕಂಡರು.

ಯುದ್ಧಾನಂತರ ಶಾಸನ ಬಿಗಿಯಾಯಿತು. 1951ರಲ್ಲಿ ಜಾರಿಗೆ ಬಂದ ಏಕರೂಪ ಸೇನಾಸಂಹಿತೆಯ 125ನೆಯ ವಿಧಿ ಮೂರು ಪಡೆಗಳಿಗೂ ಅನ್ವಯಿಸಿತು. 1957ರಲ್ಲಿ ನೌಕಾಪಡೆಯ ಕ್ರಿಟೆಂಡನ್ ಸಮಿತಿಯು ಸಲಿಂಗಪ್ರೇಮಿಗಳಿಂದ ದೇಶದ ಭದ್ರತೆಗೆ ವಿಶೇಷ ಅಪಾಯವಿದೆಯೆನ್ನಲು ಆಧಾರವಿಲ್ಲವೆಂದು ವರದಿ ಕೊಟ್ಟಿತು. ಆ ವರದಿ ಸುಮಾರು ಇಪ್ಪತ್ತು ವರ್ಷ ಕತ್ತಲಕೋಣೆಯಲ್ಲಿತ್ತು.

ಕಡೆಗೆ ಒಬ್ಬ ಸೈನಿಕರು ತಾವಾಗಿಯೇ ಒಂದು ಪತ್ರವನ್ನು ಬರೆದು ಮೇಲಧಿಕಾರಿಯ ಕೈಗೆ ಕೊಟ್ಟರು. 1975ರ ಮಾರ್ಚ್ 6ರಂದು ತಾವು ಸಲಿಂಗಪ್ರೇಮಿಯೆಂದು ಲಿಖಿತವಾಗಿ ತಿಳಿಸಿದ ವಾಯುಪಡೆಯ ಸಾರ್ಜೆಂಟ್ ಲೆನರ್ಡ್ ಮಾಟ್ಲೊವಿಚ್ ವಿಯೆಟ್ನಾಮಿನಲ್ಲಿ ಮೂರು ಬಾರಿ ಸೇವೆ ಸಲ್ಲಿಸಿ, ನೆಲಬಾಂಬಿನಿಂದ ಗಾಯಗೊಂಡು, ಪದಕಗಳನ್ನು ಪಡೆದವರು. ಅಸಾಧಾರಣ ಸೇವೆಯುಳ್ಳವರನ್ನು ಉಳಿಸಿಕೊಳ್ಳಲು ಅಂದಿನ ನಿಯಮದಲ್ಲಿ ಅವಕಾಶವಿತ್ತು. ವಾಯುಪಡೆಯು ಅವರ ಮುಂದೆ ಒಂದು ಮುಚ್ಚಳಿಕೆಯನ್ನು ಇಟ್ಟಿತು: ಇನ್ನು ಮುಂದೆ ಎಂದೆಂದೂ ಈ ಬಗೆಯ ಸಂಬಂಧವನ್ನು ಇಟ್ಟುಕೊಳ್ಳುವುದಿಲ್ಲವೆಂದು ಸಹಿ ಹಾಕಬೇಕು. ಅವರು ಹಾಕಲಿಲ್ಲ. ಕಳೆದುದನ್ನು ಕ್ಷಮಿಸಲು ಸಿದ್ಧವಾಗಿದ್ದ ಸೈನ್ಯಕ್ಕೆ ಮುಂದೆ ಬರಬಹುದಾದ ಪ್ರೀತಿ ಸಹಿಸದಾಯಿತು ಎಂಬುದೇ ಈ ಪ್ರಕರಣದ ತಿರುಳು. 1980ರಲ್ಲಿ ನ್ಯಾಯಾಲಯವು ಅವರನ್ನು ಮರಳಿ ಸೇರಿಸಿಕೊಳ್ಳಬೇಕೆಂದು ಆಜ್ಞಾಪಿಸಿತು. ವಾಯುಪಡೆ 1,60,000 ಡಾಲರು ಕೊಟ್ಟು ಬಗೆಹರಿಸಿಕೊಂಡಿತು. ಮಾಟ್ಲೊವಿಚ್ 1988ರಲ್ಲಿ ತೀರಿಕೊಂಡರು. ವಾಷಿಂಗ್ಟನ್ನಿನ ಕಾಂಗ್ರೆಷನಲ್ ಶ್ಮಶಾನದಲ್ಲಿ ಅವರ ಸಮಾಧಿಶಿಲೆಯಿದೆ. ಇಬ್ಬರನ್ನು ಕೊಂದುದಕ್ಕೆ ಸೈನ್ಯ ತನಗೆ ಪದಕ ಕೊಟ್ಟಿತು, ಒಬ್ಬನನ್ನು ಪ್ರೀತಿಸಿದುದಕ್ಕೆ ಹೊರಗೆ ಕಳುಹಿಸಿತು ಎಂಬರ್ಥದ ಬರೆಹ ಅದರ ಮೇಲಿದೆ; ಬರೆಹವಿರುವ ಆ ಶಿಲೆಯಲ್ಲಿ ಹೆಸರಿಲ್ಲ, ವಿಯೆಟ್ನಾಂ ಯುದ್ಧದ ಒಬ್ಬ ಸಲಿಂಗಪ್ರೇಮಿ ಸೈನಿಕ ಎಂದಷ್ಟೇ ಇದೆ. ವೀರಗಲ್ಲುಗಳನ್ನು ಓದಿ ಬಲ್ಲವರಿಗೆ, ಹೆಸರನ್ನು ಬಿಟ್ಟು ಕಾರಣವನ್ನು ಕೊರೆದ ಈ ಕಲ್ಲು ವಿಚಿತ್ರವಾಗಿ ತೋರೀತು.

1980ರಿಂದ 1990ರವರೆಗೆ 16,919 ಜನರನ್ನು ಈ ಕಾರಣಕ್ಕಾಗಿ ಹೊರಹಾಕಲಾಯಿತೆಂದು ಅಮೆರಿಕದ ಲೆಕ್ಕಪರಿಶೋಧಕ ಸಂಸ್ಥೆ 1992ರಲ್ಲಿ ತಿಳಿಸಿತು. ಮರುವರ್ಷ ಬಂದುದು ‘ಕೇಳಬೇಡ, ಹೇಳಬೇಡ’ ಎಂದು ಹೆಸರಾದ ಶಾಸನ. ಹೆಸರನ್ನು ಕೇಳಿದವರಿಗೆ ಇದೊಂದು ಸಂಧಾನವೆಂದು ತೋರುತ್ತದೆ. ಒಳಹೊಕ್ಕು ಓದಿದವರಿಗೆ ಬೇರೆಯೇ ಕಾಣುತ್ತದೆ. ಸೈನಿಕನು ತನ್ನಿಂದಾದ ಕೃತ್ಯವು ತನ್ನ ಎಂದಿನ ನಡತೆಗೆ ಹೊರತಾದುದು, ಮತ್ತೆ ಸಂಭವಿಸುವಂಥದಲ್ಲ, ಅಂಥ ಒಲವೂ ಉದ್ದೇಶವೂ ತನಗಿಲ್ಲ, ಬಲಾತ್ಕಾರ ನಡೆದಿಲ್ಲ ಎಂಬಿವೇ ಮೊದಲಾದುವನ್ನು ತೋರಿಸಿಕೊಟ್ಟರೆ ಸೇವೆಯಲ್ಲಿ ಉಳಿಯಬಹುದಾಗಿತ್ತು. ಆದರೆ ತನ್ನ ಲಿಂಗದವರನ್ನೇ ಮದುವೆಯಾದರೆ, ಮದುವೆಗೆ ಪ್ರಯತ್ನಿಸಿದರೂ ಸಾಕು, ಅದು ತಾನೇ ವಿಸರ್ಜನೆಗೆ ಕಾರಣ. ಅಂದರೆ ಕುಡಿದ ಅಮಲಿನ ಒಂದು ರಾತ್ರಿಗೆ ಕ್ಷಮೆಯುಂಟು, ಬಾಳಿನ ಒಡಂಬಡಿಕೆಗೆ ಇಲ್ಲ. ಸ್ತ್ರೀಪುರುಷರಿಬ್ಬರಲ್ಲೂ ಅನುರಕ್ತರಾಗುವವರನ್ನು ಈ ಶಾಸನ ಪ್ರತ್ಯೇಕವಾಗಿ ಹೆಸರಿಸಿ ಸೇರಿಸಿಕೊಂಡಿತ್ತು. ಅವರ ಪ್ರೇಮದಲ್ಲಿ ಅರ್ಧಕ್ಕೆ ಸೈನ್ಯದ ಮನೆ, ಭತ್ಯೆ, ಆಶೀರ್ವಾದಗಳೆಲ್ಲ ದೊರೆಯುತ್ತಿದ್ದುವು, ಉಳಿದರ್ಧಕ್ಕೆ ವಿಸರ್ಜನಪತ್ರ.

ಇರಾಕ್, ಅಫ್‌ಘಾನಿಸ್ತಾನದ ಯುದ್ಧಗಳು ಈ ಶಾಸನದ ಕೆಳಗೇ ನಡೆದುವು. ಕಾಗದದ ಓಲೆಯ ಸ್ಥಳದಲ್ಲಿ ಈಗ ದೂರವಾಣಿ, ಇ-ಮೇಲ್. ನೂರಾರು ಜನ ಸಾಲುಗಟ್ಟಿದ್ದ ದೂರವಾಣಿಯ ಮುಂದೆ ‘ಅವನು’ ಎನ್ನಬೇಕಾದಲ್ಲಿ ‘ಅವಳು’ ಎನ್ನುತ್ತ, ಕಡೆಯ ಮಾತಾಗಿ ಹೇಳಬೇಕಾದುದನ್ನು ನುಂಗಿ ಸೈನಿಕನು ಫೋನನ್ನಿಡುತ್ತಿದ್ದನು. ವೈದ್ಯನಿಗೂ ಹೇಳುವಂತಿರಲಿಲ್ಲ, ವೈದ್ಯರು, ಮನೋವೈದ್ಯರಲ್ಲಿ ಚಿಕಿತ್ಸೆಗಾಗಿ ಆಡಿದ ಮಾತನ್ನು ವಿಚಾರಣೆಯಲ್ಲಿ ಬಳಸಕೂಡದೆಂದು ರಕ್ಷಣಾಕಾರ್ಯದರ್ಶಿ ಗೇಟ್ಸ್ ನಿಯಮ ಮಾಡಿದುದು 2010ರ ಮಾರ್ಚಿನಲ್ಲಿ. ಸೇವೆಯಲ್ಲಿದ್ದಾಗ ತಮ್ಮ ಪ್ರೇಮವನ್ನು ಬಚ್ಚಿಡುವ ಆತಂಕವನ್ನು ಹೆಚ್ಚಾಗಿ ಅನುಭವಿಸಿದ ನಿವೃತ್ತ ಸೈನಿಕರಲ್ಲಿ ಖಿನ್ನತೆಯೂ ಯುದ್ಧಾಘಾತದ ಮನೋವ್ಯಾಧಿಯೂ ಹೆಚ್ಚಾಗಿವೆಯೆಂದು ಅಲ್ಲಿಯ ಸಂಶೋಧಕರು ತೋರಿಸಿದ್ದಾರೆ. ಯುದ್ಧದ ಗಾಯಕ್ಕೆ ಔಷಧವಾಗಬೇಕಿದ್ದ ಸಂಬಂಧವನ್ನೇ ಗುಟ್ಟಿನ ಹೊರೆಯಾಗಿಸಿದರೆ ಇನ್ನೇನಾಗಬೇಕು?

ವಾಯುಪಡೆಯ ದಾದಿ ಮೇಜರ್ ಮಾರ್ಗರೆಟ್ ವಿಟ್ ಅವರ ಮೊಕದ್ದಮೆ ಈ ಶಾಸನದ ತಾರ್ಕಿಕ ಆಧಾರವನ್ನೇ ಅಲುಗಿಸಿತು. ಸೈನ್ಯಕ್ಕೆ ಸೇರದ ಒಬ್ಬ ಮಹಿಳೆಯೊಡನೆ, ಸೇನಾನೆಲೆಯಿಂದ ಬಹುದೂರದ ಸ್ವಂತ ಮನೆಯಲ್ಲಿ, ಆರು ವರ್ಷ ಅವರು ಬಾಳಿದ್ದರು. 2004ರಲ್ಲಿ ವಿಚಾರಣೆ ಆರಂಭವಾಗಿ, ಪಿಂಚಣಿಗೆ ಅರ್ಹರಾಗಲು ಸ್ವಲ್ಪವೇ ಕಾಲ ಉಳಿದಿರುವಾಗ ಅವರನ್ನು ಕೆಲಸದಿಂದ ದೂರವಿಟ್ಟರು. ಒಗ್ಗಟ್ಟನ್ನು ಕಾಪಾಡಲು ಈ ಶಾಸನ ಬೇಕೆಂಬುದು ಸರ್ಕಾರದ ವಾದ. ಸಹೋದ್ಯೋಗಿಗಳು ಬಂದು ನುಡಿದ ಸಾಕ್ಷ್ಯವನ್ನು ಕೇಳಿ, ತುಕಡಿಯ ಧೈರ್ಯವನ್ನು ಕೆಡಿಸಿದುದು ವಿಟ್ ಅವರ ಇರವಲ್ಲ, ಅವರನ್ನು ಕಳುಹಿಸಿದುದೇ ಎಂದು 2010ರ ಸೆಪ್ಟೆಂಬರಿನಲ್ಲಿ ನ್ಯಾಯಾಧೀಶರು ತೀರ್ಪಿತ್ತರು. ಅದೇ ವರ್ಷ ಡಿಸೆಂಬರ್ 22ರಂದು ಶಾಸನದ ರದ್ದಿಗೆ ಅಧ್ಯಕ್ಷ ಒಬಾಮಾ ಸಹಿ ಹಾಕಿದರು. 2011ರ ಸೆಪ್ಟೆಂಬರ್ 20ರಂದು ಅದು ಕೊನೆಗೊಂಡಿತು. ಅಷ್ಟು ವರ್ಷಗಳಲ್ಲಿ ಹೊರಹೋದವರು 13,000ಕ್ಕೂ ಹೆಚ್ಚು.

ಆ ಡಿಸೆಂಬರಿನಲ್ಲಿ ವರ್ಜೀನಿಯಾದ ಬಂದರಿಗೆ ‘ಓಕ್ ಹಿಲ್’ ಎಂಬ ಯುದ್ಧನೌಕೆ ಎಂಬತ್ತು ದಿನಗಳ ಮೇಲೆ ಮರಳಿತು. ಹಡಗಿನಿಂದ ಮೊದಲಿಗೆ ಇಳಿದು, ಕಾದು ನಿಂತ ಪ್ರಿಯರನ್ನು ಮುತ್ತಿಡುವ ಅವಕಾಶಕ್ಕಾಗಿ ನಾವಿಕರಲ್ಲಿ ಚೀಟಿ ಎತ್ತುವುದು ಹಳೆಯ ವಾಡಿಕೆ. ಆ ಸಲದ ಚೀಟಿ ಒಬ್ಬ ನಾವಿಕಳಿಗೆ ಬಿತ್ತು. ದಡದಲ್ಲಿ ಕಾದಿದ್ದವಳೂ ನೌಕಾಪಡೆಯವಳೇ. ನೆರೆದ ಜನ ಜಯಘೋಷ ಮಾಡಿದರು. ಪತ್ರಿಕೆಗಳಲ್ಲಿ ಚಿತ್ರ ಬಂದಿತು.

ಆದರೂ ಕಡತದ ಕಾಗದ ಇನ್ನೂ ಬದಲಾಗಿರಲಿಲ್ಲ. ವಿವಾಹವೆಂದರೆ ಸ್ತ್ರೀಪುರುಷರದೇ ಎಂದು 1996ರ ಬೇರೊಂದು ಕೇಂದ್ರಶಾಸನ ಹೇಳುತ್ತಿತ್ತು. 2012ರ ಅಕ್ಟೋಬರ್ 1ರಂದು ಅಫ್‌ಘಾನಿಸ್ತಾನದ ಖೋಸ್ತ್‌ನಲ್ಲಿ ಆತ್ಮಾಹುತಿ ದಾಳಿಯಲ್ಲಿ ಮಡಿದವರಲ್ಲಿ ನಾರ್ತ್ ಕ್ಯಾರೊಲೈನಾದ ಸಾರ್ಜೆಂಟ್ ಡಾನಾ ಜಾನ್ಸನ್ ಒಬ್ಬರು. ಅದೇ ವರ್ಷ ಅವರು, ತಮ್ಮಂತೆಯೇ ಸೈನ್ಯದಲ್ಲಿದ್ದ ಟ್ರೇಸಿಯವರನ್ನು ವಿಧಿವತ್ತಾಗಿ ವರಿಸಿದ್ದರು. ಸಾವಿನ ಸುದ್ದಿಯನ್ನು ಹೊತ್ತ ಅಧಿಕಾರಿಗಳು ಹೋದುದು ತಾಯಿಯ ಮನೆಗೆ. ಸಂಗಾತಿಗೆ ತಿಳಿದುದು ಆ ಮನೆಯವರಿಂದ. ಸೈನ್ಯದ ಲೆಕ್ಕದಲ್ಲಿ ಟ್ರೇಸಿ ಯಾರೂ ಅಲ್ಲ, ವಿಧವಾವೇತನವೂ ಸಲ್ಲಲಿಲ್ಲ. ಅತ್ತೆಮನೆಯವರು ಅವರನ್ನು ಸೊಸೆಯೆಂದೇ ನಡೆಸಿಕೊಂಡರು ಎಂಬುದು ಆ ಪ್ರಸಂಗದಲ್ಲಿದ್ದ ಒಂದೇ ಸಮಾಧಾನ. ನ್ಯೂ ಹ್ಯಾಂಪ್‌ಷೈರಿನ ವಾರಂಟ್ ಅಧಿಕಾರಿ ಚಾರ್ಲಿ ಮಾರ್ಗನ್ ಅರ್ಬುದರೋಗದಿಂದ ಬಳಲುತ್ತ, ತಮ್ಮ ಸಂಗಾತಿಗೂ ಮಗಳಿಗೂ ಪಿಂಚಣಿ ದೊರಕಿಸಿಕೊಡಲು ನ್ಯಾಯಾಲಯಕ್ಕೆ ಹೋಗಿ, 2013ರ ಫೆಬ್ರವರಿಯಲ್ಲಿ ತೀರಿಕೊಂಡರು. ಸರ್ವೋಚ್ಚ ನ್ಯಾಯಾಲಯವು ಆ ಶಾಸನವನ್ನು ತಳ್ಳಿಹಾಕಿದುದು ಅದೇ ವರ್ಷದ ಜೂನ್ 26ರಂದು, ನಾಲ್ಕು ತಿಂಗಳ ಮೇಲೆ. ಓಲೆಗೆ ಇದ್ದ ಭಯ ತೀರಿದ ಮೇಲೂ ವಾರಸುದಾರರ ಹೆಸರಿನ ಅಂಕಣ ತುಂಬಲು ಎರಡು ವರ್ಷ ಬೇಕಾಯಿತು.

ಬ್ರಿಟನ್ನಿನ ಕಥೆ ಇನ್ನೊಂದು ಬಗೆಯದು. 1967ರಲ್ಲಿ ನಾಗರಿಕರಿಗೆ ದೊರೆತ ವಿಮೋಚನೆಯಿಂದ ಸೈನ್ಯವನ್ನು ಹೊರಗಿಡಲಾಯಿತು. 1994ರಲ್ಲಿ ಅದು ಅಪರಾಧವಲ್ಲವೆಂದಾದ ಮೇಲೂ ವಿಸರ್ಜನೆ ಮಾತ್ರ ಮುಂದುವರಿಯಿತು. ಸೇನಾ ಪೊಲೀಸರು ಸೈನಿಕರ ಕಪಾಟುಗಳನ್ನು ಶೋಧಿಸಿ, ಅವರ ಅಂತರಂಗ ಜೀವನದ ವಿವರಗಳನ್ನು ಗಂಟೆಗಟ್ಟಲೆ ಕೆದಕಿ ಕೇಳುತ್ತಿದ್ದರು. ವಾಯುಪಡೆಯ ದಾದಿ ಸ್ಮಿತ್, ಸಾರ್ಜೆಂಟ್ ಗ್ರೇಡಿ ಇವರ ಮೊಕದ್ದಮೆಯಲ್ಲಿ 1999ರ ಸೆಪ್ಟೆಂಬರ್ 27ರಂದು ಸ್ಟ್ರಾಸ್‌ಬರ್ಗಿನ ಮಾನವಹಕ್ಕುಗಳ ನ್ಯಾಯಾಲಯವು ಖಾಸಗಿ ಬದುಕಿನ ಹಕ್ಕಿಗೆ ಭಂಗ ಬಂದಿತೆಂದು ತೀರ್ಮಾನಿಸಿತು. 2000ದ ಜನವರಿ 12ರಂದು ನಿಷೇಧ ಹೋಯಿತು. ಒಗ್ಗಟ್ಟು ಕುಸಿಯುವುದೆಂದು ಮುನ್ನುಡಿದ ಭೀತಿಗಳೊಂದೂ ಆಮೇಲೆ ನಿಜವಾಗಲಿಲ್ಲ. ಹೊರಹಾಕಲ್ಪಟ್ಟವರ ಗತಿಯನ್ನು ಕೇಳಿದವರು ಮಾತ್ರ ಬಹುಕಾಲ ಯಾರೂ ಇರಲಿಲ್ಲ. ಲಾರ್ಡ್ ಎಥರ್ಟನ್ ಅವರ ವಿಚಾರಣೆಗೆ ಸಾವಿರಕ್ಕೂ ಹೆಚ್ಚು ಹೇಳಿಕೆಗಳು ಬಂದುವು: ಕಿತ್ತುಕೊಂಡ ಪದಕಗಳು, ತಾಯ್ತಂದೆಯರಿಂದ ಬೇರ್ಪಟ್ಟವರು, ಆತ್ಮಹತ್ಯೆಗೆ ಯತ್ನಿಸಿದವರು. 2023ರ ಜುಲೈ 19ರಂದು ಆ ವರದಿ ಹೊರಬಂದಾಗ ಪ್ರಧಾನಿ ರಿಷಿ ಸುನಕ್ ಪಾರ್ಲಿಮೆಂಟಿನಲ್ಲಿ ಕ್ಷಮೆ ಕೇಳಿದರು. 2025ರ ಅಕ್ಟೋಬರ್ 27ರಂದು ಸ್ಟಾಫರ್ಡ್‌ಷೈರಿನ ರಾಷ್ಟ್ರೀಯ ಸ್ಮಾರಕವನದಲ್ಲಿ ದೊರೆ ಚಾರ್ಲ್ಸ್ ಇವರ ಸ್ಮಾರಕವನ್ನು ಅನಾವರಣ ಮಾಡಿದರು. ಅದು ಕುದುರೆ ಏರಿದ ವೀರನಲ್ಲ, ಕತ್ತಿಯಲ್ಲ. ಮುದುರಿದ ಒಂದು ಓಲೆಯ ಕಂಚಿನ ಪ್ರತಿಮೆ. ಸೈನಿಕರೇ ಹೇಳಿದ ಮಾತುಗಳನ್ನು ಅದರ ಮೇಲೆ ಮೂಡಿಸಿದ್ದಾರೆ.

ಬ್ರಿಟಿಷರ ಈ ನ್ಯಾಯದೃಷ್ಟಿಯ ಒಂದು ಕವಲು ಭಾರತದಲ್ಲಿಯೂ ಉಳಿಯಿತು. ಮೆಕಾಲೆಯ ಕರಡಿನಿಂದ ಬೆಳೆದ 1860ರ ದಂಡಸಂಹಿತೆಯ 377ನೆಯ ಪ್ರಕರಣವು, ವಯಸ್ಕರ ಸಮ್ಮತಿಯ ಸಂಬಂಧಕ್ಕೆ ಅನ್ವಯಿಸುವಷ್ಟರಮಟ್ಟಿಗೆ, 2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ ಬಿದ್ದುಹೋಯಿತು. 2024ರ ಜುಲೈಯಲ್ಲಿ ಆ ಸಂಹಿತೆಯೇ ಹೋಗಿ ಹೊಸದು ಬಂದಿತು. 1950ರ ಸೇನಾ ಅಧಿನಿಯಮದ 46ನೆಯ ಪ್ರಕರಣದಲ್ಲಿ ‘ಪ್ರಕೃತಿವಿರುದ್ಧ’ವಾದ ಲಜ್ಜಾಸ್ಪದ ನಡತೆಗೆ ಏಳು ವರ್ಷಗಳವರೆಗಿನ ಕಾರಾವಾಸವಿದೆ, ಅಧಿಕಾರಿಗೆ ತಕ್ಕುದಲ್ಲದ ನಡತೆಯನ್ನು 45ನೆಯ ಪ್ರಕರಣ ನೋಡಿಕೊಳ್ಳುತ್ತದೆ. ಸೈನ್ಯದಲ್ಲಿ ಇದಕ್ಕೆ ಆಸ್ಪದವಿಲ್ಲವೆಂದು 2019ರ ಜನವರಿಯಲ್ಲಿ ದಂಡನಾಯಕರಾಗಿದ್ದ ಜನರಲ್ ಬಿಪಿನ್ ರಾವತ್ ತಿಳಿಸಿದರು. ಸಲಿಂಗಪ್ರೇಮಿಯಾಗಿ ಸೈನ್ಯವನ್ನು ಬಿಟ್ಟ ಒಬ್ಬ ಮೇಜರರ ಬದುಕಿನಿಂದ ಪ್ರೇರಣೆ ಪಡೆದು, ಕಾಶ್ಮೀರದಲ್ಲಿರುವ ಸೇನಾಧಿಕಾರಿಯೊಬ್ಬನ ಪ್ರೇಮವನ್ನು ಕುರಿತು ಚಲನಚಿತ್ರ ಮಾಡಲು ನಿರ್ದೇಶ‌ಕ ಓನಿರ್ ಬರೆದ ಕಥೆಯನ್ನು ರಕ್ಷಣಾ ಸಚಿವಾಲಯಕ್ಕೆ ಒಪ್ಪಿಗೆಗಾಗಿ ಕಳುಹಿಸಿದ್ದರು. 2022ರ ಆರಂಭದಲ್ಲಿ ಅದು ನಿರಾಕೃತವಾಗಿ ಮರಳಿತು.